ಮೇಲ್‌ಗೆ ಬಂದ ಆರ್ಡರ್ ತಾನೇ ಬೋರ್ಡ್‌ಗೆ ಏರಲಿ

ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್ ಅಂದುಕೊಳ್ಳಿ. ಮದುವೆ ಸೀಸನ್. ಜಗಳೂರಿನವರು ಲಗ್ನಪತ್ರಿಕೆಯ ಮ್ಯಾಟರ್ ವಾಟ್ಸ್‌ಆ್ಯಪ್ ಮಾಡುತ್ತಾರೆ, ಹರಿಹರದವರು ಬಿಲ್‌ಬುಕ್ಕಿನ ಪಿಡಿಎಫ್ ಮೇಲ್ ಮಾಡುತ್ತಾರೆ, ಚನ್ನಗಿರಿಯವರು ಫೋನಿನಲ್ಲೇ ಹೇಳಿ ಇಡುತ್ತಾರೆ. ಮಂಡಿಪೇಟೆಯ ವ್ಯಾಪಾರಕ್ಕೆ ಆವಕ-ಜಾವಕ ಪುಸ್ತಕ ಹೊಸದಲ್ಲ: ಒಳಗೆ ಬಂದದ್ದು ಮೊದಲು ಆವಕದಲ್ಲಿ ದಾಖಲಾಗಬೇಕು, ಆಮೇಲೆ ಉಳಿದ ಮಾತು. ಟ್ರೆಲ್ಲೊ (ಒಂದೊಂದು ಕೆಲಸವನ್ನೂ ಬೋರ್ಡ್ ಮೇಲೆ ಕಾರ್ಡ್ ಆಗಿ ಇಡುವ ಆ್ಯಪ್), ಜಿಮೇಲ್, ಗೂಗಲ್ ಕ್ಯಾಲೆಂಡರ್ ಮೂರನ್ನೂ ಜೋಡಿಸುವಾಗ ಇದೇ ನಿಯಮ ಹಿಡಿಯಿರಿ. ಆರ್ಡರ್ ಎಲ್ಲವೂ ಬೋರ್ಡ್‌ನತ್ತ ಹರಿಯಲಿ, ಎರಡೂ ಕಡೆ ಹರಿಯುವುದು ಬೇಡ.

ಟ್ರೆಲ್ಲೊದ ಉಚಿತ ಖಾತೆಯೇ ಸಾಕು. ಒಂದು ವರ್ಕ್‌ಸ್ಪೇಸ್‌ನಲ್ಲಿ, ಅಂದರೆ ತಂಡದ ಬೋರ್ಡ್‌ಗಳಿರುವ ಜಾಗದಲ್ಲಿ, 10 ಜನ ಕೆಲಸ ಮಾಡಬಹುದು. ಬೋರ್ಡ್ ತೆರೆದು ‘ಆವಕ’, ‘ಡಿಸೈನ್’, ‘ಪ್ರೂಫ್’, ‘ಪ್ರಿಂಟ್’, ‘ಡೆಲಿವರಿ’ ಎಂದು ಐದು ಲಿಸ್ಟ್ ಮಾಡಿ. ಇನ್ನೂ ಹೆಚ್ಚಿಸಿದರೆ ಹುಡುಗರು ಕಾರ್ಡ್ ಸರಿಸುವುದನ್ನೇ ಬಿಡುತ್ತಾರೆ.

ಬೋರ್ಡ್‌ಗೊಂದು ಮೇಲ್ ವಿಳಾಸ

ಬೋರ್ಡ್‌ನ ಬಲ ಮೂಲೆಯ ಮೂರು ಚುಕ್ಕೆ ಒತ್ತಿ ‘ಇಮೇಲ್-ಟು-ಬೋರ್ಡ್’ ಹುಡುಕಿ. ಅಲ್ಲೊಂದು ಉದ್ದನೆಯ ವಿಳಾಸ ಸಿಗುತ್ತದೆ. ಕಾರ್ಡ್ ಯಾವ ಲಿಸ್ಟ್‌ಗೆ ಬೀಳಬೇಕು ಎನ್ನುವಲ್ಲಿ ‘ಆವಕ’, ಸ್ಥಾನದಲ್ಲಿ ‘ಬಾಟಮ್’ ಆರಿಸಿ. ಮೊದಲು ಬಂದವರು ಮೇಲೆ ಉಳಿಯಬೇಕಲ್ಲ. ಈ ವಿಳಾಸಕ್ಕೆ ಮೇಲ್ ಕಳಿಸಿದರೆ ಸಬ್ಜೆಕ್ಟ್ ಕಾರ್ಡಿನ ಹೆಸರಾಗುತ್ತದೆ, ಒಳಗಿನ ಬರಹ ವಿವರಣೆಯಾಗುತ್ತದೆ, ಫೈಲ್ ಲಗತ್ತಾಗುತ್ತದೆ. ಸಬ್ಜೆಕ್ಟ್‌ನಲ್ಲಿ ಹ್ಯಾಶ್ ಹಾಕಿ ಬಣ್ಣದ ಇಂಗ್ಲಿಷ್ ಹೆಸರು ಬರೆದರೆ ಆ ಬಣ್ಣದ ಲೇಬಲ್ ಅಂಟುತ್ತದೆ.

ಒಂದು ಎಚ್ಚರ: ವಿಳಾಸ ನಿಮ್ಮ ಹೆಸರಿನದು. ಯಾರು ಕಳಿಸಿದರೂ ಕಾರ್ಡ್ ನೀವೇ ಹಾಕಿದಂತೆ ಕಾಣುತ್ತದೆ. ಗಿರಾಕಿಗಳಿಗೆ ಇದನ್ನು ಕೊಡಬೇಡಿ. ಹೊರಗೆ ಹೋಗಿಬಿಟ್ಟಿದ್ದರೆ ಅಲ್ಲೇ ಹೊಸ ವಿಳಾಸ ಪಡೆಯಿರಿ, ಹಳೆಯದು ಸತ್ತುಹೋಗುತ್ತದೆ.

ಜಿಮೇಲ್ ಕಡೆಯ ಕೆಲಸ

ಇದನ್ನು ಕಂಪ್ಯೂಟರ್‌ನಲ್ಲೇ ಮಾಡಬೇಕು, ಮೊಬೈಲ್ ಆ್ಯಪ್‌ನಲ್ಲಿ ಆಗದು. ಸೆಟ್ಟಿಂಗ್ಸ್‌ನ ‘ಫಾರ್ವರ್ಡಿಂಗ್’ ಟ್ಯಾಬ್‌ನಲ್ಲಿ ಟ್ರೆಲ್ಲೊ ವಿಳಾಸ ಸೇರಿಸಿ. ಒಪ್ಪಿಗೆ ಕೇಳುವ ಮೇಲ್ ಅನ್ನು ಗೂಗಲ್ ಆ ವಿಳಾಸಕ್ಕೇ ಕಳಿಸುತ್ತದೆ. ಎಷ್ಟೋ ಜನ ಅದನ್ನು ಇನ್‌ಬಾಕ್ಸ್‌ನಲ್ಲಿ ಹುಡುಕಿ ಹುಡುಕಿ ಸುಸ್ತಾಗುತ್ತಾರೆ. ಅದು ಬಂದಿರುವುದು ‘ಆವಕ’ ಲಿಸ್ಟ್‌ನಲ್ಲಿ, ಒಂದು ಕಾರ್ಡ್ ಆಗಿ! ಕಾರ್ಡ್ ತೆರೆದು ಲಿಂಕ್ ಒತ್ತಿದರೆ ಮುಗಿಯಿತು.

‘ಬಂದ ಮೇಲ್‌ನೆಲ್ಲ ಫಾರ್ವರ್ಡ್ ಮಾಡು’ ಎನ್ನುವುದನ್ನು ಮಾತ್ರ ಒತ್ತಬೇಡಿ. ಬ್ಯಾಂಕಿನ ಸ್ಟೇಟ್‌ಮೆಂಟ್, ಒಟಿಪಿ ಎಲ್ಲ ಬೋರ್ಡ್ ಮೇಲೆ ಎಲ್ಲರಿಗೂ ಕಾಣುತ್ತವೆ. ಬದಲಿಗೆ ಬೇಕಾದ ಮೇಲ್ ಮಾತ್ರ ಆರಿಸಿ ಕಳಿಸುವ ಫಿಲ್ಟರ್ ಬೇಕು. ಜಿಮೇಲ್ ವಿಳಾಸದಲ್ಲಿ ನಿಮ್ಮ ಹೆಸರಾದ ಮೇಲೆ ಪ್ಲಸ್ ಚಿಹ್ನೆ ಹಾಕಿ ಯಾವ ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಹೀಗೆ ‘ಆರ್ಡರ್’ ಎಂಬುದನ್ನು ಇಂಗ್ಲಿಷ್‌ನಲ್ಲಿ ಸೇರಿಸಿದ ವಿಳಾಸವನ್ನು ವಿಸಿಟಿಂಗ್ ಕಾರ್ಡ್‌ನಲ್ಲಿ ಅಚ್ಚು ಹಾಕಿಸಿ. ಫಿಲ್ಟರ್‌ನ ‘ಟು’ ಜಾಗದಲ್ಲಿ ಅದನ್ನೇ ಕೊಟ್ಟು, ‘ಫಾರ್ವರ್ಡ್’ ಆರಿಸಿ.

ಇದರಿಂದ ಇನ್ನೊಂದು ಲಾಭವಿದೆ. ಗಿರಾಕಿಗೆ ನೀವು ಉತ್ತರ ಬರೆಯುವುದು ಸಾದಾ ವಿಳಾಸದಿಂದ. ಅವರ ಮುಂದಿನ ‘ಓಕೆ ಸಾರ್’, ‘ಹೆಸರು ತಪ್ಪಿದೆ’ ಎಲ್ಲ ಸಾದಾ ವಿಳಾಸಕ್ಕೇ ಬರುತ್ತವೆ, ಒಂದೇ ಆರ್ಡರ್‌ಗೆ ಆರು ಕಾರ್ಡ್ ಹುಟ್ಟುವುದಿಲ್ಲ. ತಿದ್ದುಪಡಿ ಕಾರ್ಡ್‌ನಲ್ಲೇ ಕಾಮೆಂಟ್ ಆಗಬೇಕೆಂದರೆ ಕಾರ್ಡಿನ ‘ಶೇರ್’ನಲ್ಲಿ ಆ ಕಾರ್ಡಿಗೇ ಒಂದು ಮೇಲ್ ವಿಳಾಸವಿದೆ, ಅದಕ್ಕೆ ಕಳಿಸಿ.

ಎಲ್ಲಿ ಕೈಕೊಡುತ್ತದೆ

ಕಾರ್ಡಿನ ಹೆಸರು ‘ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ’ಯಾಗಿ ಕಂಡರೆ, ಕಳಿಸಿದವರು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ ಎಂದೇ ತಿಳಿಯಿರಿ. ಡಿಟಿಪಿಯವರಿಗೆ ಇದು ದಿನದ ಗೋಳು. ಯೂನಿಕೋಡ್‌ಗೆ ಬದಲಿಸಿ ಹಾಕಿದರಷ್ಟೇ ಆಮೇಲೆ ಹುಡುಕಿದಾಗ ಸಿಗುತ್ತದೆ.

ಫೈಲ್ ಗಾತ್ರ ಎರಡನೇ ತೊಡಕು. ಜಿಮೇಲ್ 25 ಎಂಬಿವರೆಗೆ ಬಿಡುತ್ತದೆ, ಉಚಿತ ಟ್ರೆಲ್ಲೊ ಒಂದು ಫೈಲ್‌ಗೆ 10 ಎಂಬಿ. ಫ್ಲೆಕ್ಸ್ ಡಿಸೈನ್ ಸುಲಭವಾಗಿ ಇದನ್ನು ಮೀರುತ್ತದೆ. ಅಂಥದ್ದನ್ನು ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ, ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಅನುಮತಿ ಬದಲಿಸಿ. ಇಲ್ಲವಾದರೆ ಮಷಿನ್ ಮುಂದೆ ನಿಂತ ಆಪರೇಟರ್‌ಗೆ ಫೈಲ್ ತೆರೆಯುವುದಿಲ್ಲ.

ಸ್ಪ್ಯಾಮ್‌ಗೆ ಬಿದ್ದ ಮೇಲ್ ಫಾರ್ವರ್ಡ್ ಆಗುವುದಿಲ್ಲ. ದಿನಕ್ಕೊಮ್ಮೆ ಅಲ್ಲಿ ಇಣುಕಿ. ಫಿಲ್ಟರ್ ಮಾಡುವ ಮೊದಲೇ ಬಂದಿದ್ದ ಮೇಲ್‌ಗಳನ್ನು ಕೈಯಾರೆ ಕಳಿಸಬೇಕು.

ವಾಟ್ಸ್‌ಆ್ಯಪ್‌ನ ಫೋಟೊ, ಪಿಡಿಎಫ್‌ಗೆ ಫೋನಿನ ‘ಶೇರ್’ ಒತ್ತಿ ಟ್ರೆಲ್ಲೊ ಆರಿಸಿದರೆ ಆಯಿತು.

ಕ್ಯಾಲೆಂಡರ್ ಮತ್ತು ಟಾಸ್ಕ್

ಬೋರ್ಡ್‌ಗೆ ‘ಕ್ಯಾಲೆಂಡರ್’ ಪವರ್-ಅಪ್ (ಟ್ರೆಲ್ಲೊದ ಹೆಚ್ಚುವರಿ ಸೌಲಭ್ಯ) ಸೇರಿಸಿ, ಅದರ ಸೆಟ್ಟಿಂಗ್‌ನಲ್ಲಿ ಐಕ್ಯಾಲೆಂಡರ್ ಫೀಡ್ (ಬೇರೆ ಕ್ಯಾಲೆಂಡರ್ ಓದಬಲ್ಲ ಲಿಂಕ್) ಆನ್ ಮಾಡಿ ಲಿಂಕ್ ನಕಲಿಸಿ. ಗೂಗಲ್ ಕ್ಯಾಲೆಂಡರ್‌ನಲ್ಲಿ ‘ಅದರ್ ಕ್ಯಾಲೆಂಡರ್ಸ್’ ಪಕ್ಕದ ಪ್ಲಸ್ ಒತ್ತಿ ‘ಫ್ರಮ್ ಯುಆರ್‌ಎಲ್’ನಲ್ಲಿ ಅಂಟಿಸಿ. ಗಡುವು ಹಾಕಿದ ಕಾರ್ಡ್‌ಗಳು ಮಾತ್ರ ಬರುತ್ತವೆ. ಗೂಗಲ್ ಈ ಫೀಡ್ ಅನ್ನು ತನಗೆ ತೋಚಿದಾಗ ಓದುತ್ತದೆ, ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ. ವಾರದ ನೋಟಕ್ಕೆ ಇದು ಚೆನ್ನ. ‘ಇವತ್ತು ಸಂಜೆಗೇ ಬೇಕು’ ಎನ್ನುವ ಕೆಲಸಕ್ಕೆ ಟ್ರೆಲ್ಲೊದ ರಿಮೈಂಡರ್ ನಂಬಿ. ಕ್ಯಾಲೆಂಡರ್‌ನಲ್ಲಿ ದಿನ ಎಳೆದು ಬದಲಿಸಲೂ ಆಗದು, ಅದು ಓದಲಷ್ಟೇ.

ಗಡುವು ಹಾಕುವುದನ್ನೇ ಮರೆಯುವವರು ‘ಆಟೊಮೇಷನ್’ನಲ್ಲಿ ಒಂದು ರೂಲ್ ಬರೆಯಿರಿ: ‘ಆವಕ’ಕ್ಕೆ ಕಾರ್ಡ್ ಬಂದರೆ ಎರಡು ದಿನದ ಗಡುವು. ಉಚಿತ ಖಾತೆಗೆ ತಿಂಗಳಿಗೆ 250 ಸಲ ಮಾತ್ರ. ದಿನಕ್ಕೆ 10 ಆರ್ಡರ್, 26 ದಿನದ ಕೆಲಸ ಎಂದರೆ 260 ಆಯಿತು, ತಿಂಗಳ ಕೊನೆಯ ದಿನ ರೂಲ್ ಸುಮ್ಮನಾಗುತ್ತದೆ. ಸೀಸನ್‌ನಲ್ಲಿ ಇದು ನೆನಪಿರಲಿ.

ಮಾಡಬೇಕಾದ ಕೆಲಸಗಳ ಪಟ್ಟಿಯಾದ ಗೂಗಲ್ ಟಾಸ್ಕ್ಸ್ ಅನ್ನು ಟ್ರೆಲ್ಲೊಗೆ ಕಟ್ಟಲು ಜ್ಯಾಪಿಯರ್‌ನಂಥ ನಡುವಿನ ಸೇವೆ ಬೇಕು. ಜ್ಯಾಪಿಯರ್‌ನ ಉಚಿತ ಪ್ಲಾನ್‌ನಲ್ಲಿ ತಿಂಗಳಿಗೆ 100 ಕೆಲಸ, 15 ನಿಮಿಷಕ್ಕೊಮ್ಮೆ ನೋಡುತ್ತದೆ. ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿ ಮುಗಿಸುವಷ್ಟು ಹೊತ್ತು. ಕಾರ್ಡ್‌ನಿಂದ ಟಾಸ್ಕ್, ಟಾಸ್ಕ್‌ನಿಂದ ಮತ್ತೆ ಕಾರ್ಡ್ ಎಂದು ಎರಡೂ ಕಡೆ ಕಟ್ಟಿದಿರೋ, ಒಂದರಿಂದ ಒಂದು ಹುಟ್ಟುತ್ತಲೇ ಹೋಗಿ 100 ಒಂದೇ ದಿನದಲ್ಲಿ ಖರ್ಚಾಗುತ್ತದೆ. ಸಣ್ಣ ಪ್ರೆಸ್‌ಗೆ ಈ ಜೋಡಣೆಯೇ ಬೇಡ. ಕಾಗದದ ಅಂಗಡಿಗೆ ಫೋನ್ ಮಾಡುವುದು, ಜಿಎಸ್‌ಟಿ ಬಿಲ್ ಕಳಿಸುವುದು ಇಂಥ ಸ್ವಂತದ ಚಿಲ್ಲರೆ ನೆನಪುಗಳಿಗೆ ಜಿಮೇಲ್‌ನ ‘ಆ್ಯಡ್ ಟು ಟಾಸ್ಕ್ಸ್’ ಗುಂಡಿ ಇದೆ, ಟಾಸ್ಕ್ ಜತೆ ಮೂಲ ಮೇಲ್‌ನ ಲಿಂಕೂ ಉಳಿಯುತ್ತದೆ. ಗಿರಾಕಿಯ ಆರ್ಡರ್ ಮಾತ್ರ ಅಲ್ಲಿಗೆ ಹೋಗಬಾರದು.