ಡೇರಿ ಲೆಕ್ಕ, ಪಹಣಿ, ವಿಧಾನಸೌಧ: ನನ್ನ ಅನುಭವ

ಚುನಾವಣೆಗೆ ನಿಂತವರ ಅಫಿಡವಿಟ್ಟುಗಳನ್ನು ಒಮ್ಮೆ ತೆಗೆದು ನೋಡಿ. ಕಲ್ಯಾಣ ಮಂಟಪ ಇದ್ದವರೂ ವೃತ್ತಿ ಅನ್ನುವ ಕಡೆ ‘ಕೃಷಿ’ ಅಂತ ಬರೆದಿರುತ್ತಾರೆ, ಕಲ್ಲು ಕ್ರಷರ್ ಇದ್ದವರೂ ಹಾಗೇ ಬರೆದಿರುತ್ತಾರೆ. ನಾನೂ ಅದನ್ನೇ ಬರೆದೆ. ನನಗೆ ಬರೆಯಲು ಬೇರೇನೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮೂರು ಬೆಂಗಳೂರಿಗೆ ಹತ್ತಿರ. ರಾಗಿ, ಒಂದಿಷ್ಟು ಹಿಪ್ಪುನೇರಳೆ, ಕರಾವಿಗೆ ಹಸು. ಇದರಲ್ಲೇ ಬೆಳೆದವನು ಒಂದು ಅವಧಿಗೆ ಶಾಸಕನಾದೆ. ಈಗ ಮತ್ತೆ ಹೊಲದಲ್ಲೇ ಇದ್ದೇನೆ. ರೈತನೊಬ್ಬ ಆ ದೊಡ್ಡ ಕಟ್ಟಡದೊಳಗೆ ಹೋಗಿ ಏನು ಮಾಡಲು ಸಾಧ್ಯ ಅಂತ ಹುಡುಗರು ಆಗಾಗ ಕೇಳುತ್ತಾರೆ. ನನ್ನ ಮಟ್ಟಿಗೆ ಉತ್ತರ ಇಷ್ಟು: ಹಸಿರು ಟವೆಲ್ಲು ವೋಟು ತರಬಹುದು, ಕೆಲಸ ಮಾಡಿಸುವುದಿಲ್ಲ. ಬೇಸಾಯ ಕಲಿಸಿದ್ದರಲ್ಲಿ ಅಲ್ಲಿ ಉಪಯೋಗಕ್ಕೆ ಬಂದದ್ದು ಎರಡೇ. ಡೇರಿ ಲೆಕ್ಕ, ಪಹಣಿ ಅಂದರೆ ಜಮೀನಿನ ದಾಖಲೆ ಓದುವುದು.

ಮೊದಲು ಡೇರಿ. ಬೋರ್ಡಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಅಂತಿದ್ದರೂ ಎಲ್ಲರ ಬಾಯಲ್ಲೂ ಅದು ಡೇರಿನೇ. ಎಲ್ಲ ಜಾತಿಯವರು, ಎಲ್ಲ ಪಾರ್ಟಿಯವರು ದಿನಕ್ಕೆ ಎರಡು ಸಲ ಕ್ಯಾನು ಹಿಡಿದು ಸಾಲು ನಿಲ್ಲುವ ಜಾಗ ಊರಲ್ಲಿ ಅದೊಂದೇ. ಅಲ್ಲಿ ನಿರ್ದೇಶಕನಾದವನಿಗೆ ಯಾರ ಮನೆಯಲ್ಲಿ ಎಷ್ಟು ಕರಾವಿದೆ, ಯಾರು ಹಸು ಮಾರಿದರು, ಯಾರು ಬಟವಾಡೆಗೆ ಕಾದು ಕೂತಿದ್ದಾರೆ ಎಲ್ಲ ಗೊತ್ತಾಗುತ್ತದೆ. ಜಗಳವೆಲ್ಲ ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಮೇಲೆ. ಡಿಗ್ರಿ ಬಂದಿಲ್ಲ ಅಂತ ಹಾಲು ವಾಪಸ್ ಕಳಿಸಿದರೆ ಸಾಕು, ‘ನಾನೇನು ನೀರು ಬೆರೆಸಿದ್ನಾ?’ ಅಂತ ಶುರು. ಹಾಲು ಹಾಕಿದವರ ಕಣ್ಣೆದುರಿಗೇ ಡಿಗ್ರಿ ನೋಡಬೇಕು, ಅಲ್ಲೇ ಅವರ ಪುಸ್ತಕದಲ್ಲಿ ಬರೆದು ಕೊಡಬೇಕು ಅಂತ ಸಭೆಯಲ್ಲಿ ತೀರ್ಮಾನ ಮಾಡಿಸಿದೆ. ಕೂಗಾಟ ಕಡಿಮೆಯಾಯಿತು. ಜನಕ್ಕೆ ನನ್ನ ಮೇಲೆ ನಂಬಿಕೆ ಹುಟ್ಟಿದ್ದು ಇಲ್ಲಿಂದ.

1987ರ ಜನವರಿಯಲ್ಲಿ, ಕೆಲವು ಹಳ್ಳಿಗಳಿಗೆ ಸೇರಿ ಒಂದರಂತಿದ್ದ ಮಂಡಲ ಪಂಚಾಯಿತಿಯ ಚುನಾವಣೆ ಬಂತು. ರಾಮಕೃಷ್ಣ ಹೆಗಡೆಯವರ ಸರ್ಕಾರ ತಂದ 1983ರ ಕಾಯ್ದೆ ಅದು. ಅದರ ಹಿಂದೆ ನಿಂತವರು ಮಂತ್ರಿ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆಬಾವಿ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆಯುತ್ತಿದ್ದರು. ಹೆಂಗಸರಿಗೆ ಕಾಲು ಭಾಗ ಸೀಟು ಆಗಲೇ ಮೀಸಲಿತ್ತು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನ ತಿದ್ದುಪಡಿ ಬಂದದ್ದು ಆಮೇಲೆ. ಡೇರಿ ಹುಡುಗ ಅಂತ ನನ್ನನ್ನು ನಿಲ್ಲಿಸಿದರು, ಗೆದ್ದೆ. ಕ್ರಿಯಾ ಯೋಜನೆ ಬರೆಯುವುದು, ಎಂಜಿನಿಯರ್ ಕೊಟ್ಟ ಅಂದಾಜು ಪಟ್ಟಿಯನ್ನು ಸಾಲುಸಾಲಾಗಿ ಓದುವುದು ಅಲ್ಲಿ ಕಲಿತೆ. ಮುಂದೆ ಜಿಲ್ಲಾ ಪಂಚಾಯಿತಿಗೂ ಹೋದೆ. ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸಭೆ, ಊಟ, ಅನುದಾನ ಹಂಚುವಾಗ ತಕರಾರು.

ಟಿಕೆಟ್ಟಿನ ಕಥೆಯನ್ನೂ ಉದ್ದ ಮಾಡುವುದಿಲ್ಲ. ವಿಧಾನಸಭೆಗೆ ನಿಲ್ಲಲು ಠೇವಣಿ 10,000 ರೂಪಾಯಿ. ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ ಈಗ 40 ಲಕ್ಷ. ನೆಲಕ್ಕೆ ಚಿನ್ನದ ಬೆಲೆ ಬಂದಿರುವ ಬೆಂಗಳೂರಿನ ಸುತ್ತಮುತ್ತ ಚುನಾವಣೆ ನಿಜಕ್ಕೂ ಎಷ್ಟಕ್ಕೆ ಆಗುತ್ತದೆ ಅನ್ನುವುದು ಓದುವವರಿಗೂ ಗೊತ್ತು. ನನಗೆ ಟಿಕೆಟ್ಟು ಸಿಕ್ಕಿದ್ದು ಇಬ್ಬರು ದೊಡ್ಡವರ ಜಗಳದಲ್ಲಿ. ಇಬ್ಬರಿಗೂ ಬೇಕಾದವನು ಅಂತ ಯಾರೂ ಇರಲಿಲ್ಲ, ಇಬ್ಬರಿಗೂ ನಡೆಯುವವನು ಅಂತ ನಾನಿದ್ದೆ.

ನಮ್ಮ ರಾಜ್ಯದಲ್ಲಿ ರೈತರು ವಿಧಾನಸಭೆಗೆ ಬಂದ ಇನ್ನೊಂದು ದಾರಿಯಿದೆ, ಚಳವಳಿಯದ್ದು. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ಅದೇ ವರ್ಷ ರೈತ ಸಂಘ ಹುಟ್ಟಿತು. 1989ರಲ್ಲಿ ಆ ಸಂಘದ ಬಾಬಾಗೌಡ ಪಾಟೀಲರು ಎರಡು ಕ್ಷೇತ್ರಗಳಲ್ಲಿ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದಿಂದ ಸಂಘದ ನಾಯಕ ಪ್ರೊಫೆಸರ್ ನಂಜುಂಡಸ್ವಾಮಿ ಸದನಕ್ಕೆ ಬಂದರು. ಕ್ಯಾತನಹಳ್ಳಿಯ ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. ಅವರ ಮಾತು ಕೇಳುವುದೇ ಒಂದು ಖುಷಿಯಾಗಿತ್ತು. ಹಳ್ಳಿ ಕಟ್ಟೆ ಮೇಲೆ ಕೂತು ಮಾತಾಡಿದ ಹಾಗೇ ಸದನದಲ್ಲೂ ಮಾತಾಡುತ್ತಿದ್ದರು. ಆ ಗಂಟಲು ನನಗಿಲ್ಲ. ನಾನು ಬೈಠಕ್ಕಿನಲ್ಲಿ ಕೂತು ಕಾಗದ ತಿರುವಿ ಹಾಕುವ ಜಾತಿ.

ಸದನದಲ್ಲಿ 224 ಜನ. ಮಾತಾಡಲು ಸಮಯ ಸಿಗುವುದು ನಾಯಕರಿಗೆ, ಗಲಾಟೆ ಮಾಡುವವರಿಗೆ. ಹಿಂದಿನ ಬೆಂಚಿನವನಿಗೆ ಉಳಿಯುವ ಆಯುಧ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ಬಹಳ ಜನ ಚುಕ್ಕೆಯದ್ದನ್ನೇ ಬಯಸುತ್ತಾರೆ, ಟೀವಿಯಲ್ಲಿ ಕಾಣುತ್ತದಲ್ವಾ. ನನಗೆ ಲಿಖಿತವೇ ಜಾಸ್ತಿ ಉಪಯೋಗಕ್ಕೆ ಬಂತು.

ಉತ್ತರದ ಹಾಳೆ ನೋಡಿದವರಿಗೆ ಗೊತ್ತು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಪಕ್ಕದಲ್ಲಿ ಅ, ಆ, ಇ. ‘ಅ) ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎದುರಿಗೆ ಒಂದೇ ಪದ, ‘ಬಂದಿದೆ.’ ‘ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ.’ ಮುಗಿಯಿತು. ಇಂಥ ಹಾಳೆಗಳನ್ನು ವಿಧಾನಮಂಡಲದ ಗ್ರಂಥಾಲಯದಲ್ಲಿ ಕೂತು ಕಟ್ಟುಗಟ್ಟಲೆ ಓದಿದೆ. ‘ಬಂದಿದೆ’ ಅಂತ ಹೇಳಿ ಪಾರಾಗಲು ದಾರಿ ಇಡದ ಪ್ರಶ್ನೆ ಹೇಗಿರಬೇಕು ಅಂತ ಅಲ್ಲಿ ತಿಳಿಯಿತು. ನಮ್ಮ ತಾಲೂಕಿನ ದೊಡ್ಡ ಗೋಳು ಪೋಡಿ. ಜಮೀನು ಮಂಜೂರಾಗಿರುತ್ತದೆ, ಸಾಗುವಳಿ ಚೀಟಿ ಕೈಯಲ್ಲಿರುತ್ತದೆ, ಅಳತೆಯಾಗಿ ಬೇರೆ ನಂಬರ್ ಬಿದ್ದಿರುವುದಿಲ್ಲ. ಪೋಡಿ ಆಗದಿದ್ದರೆ ಮಾರುವುದಕ್ಕೂ ತೊಂದರೆ, ಸಾಲಕ್ಕೂ ತೊಂದರೆ. ನಾನು ಸಮಸ್ಯೆ ಗಮನಕ್ಕೆ ಬಂದಿದೆಯೇ ಅಂತ ಕೇಳಲಿಲ್ಲ. ಮಂಜೂರಾದ ಸರ್ವೆಯರ್ ಹುದ್ದೆ ಎಷ್ಟು, ಖಾಲಿ ಎಷ್ಟು, ಹೋಬಳಿವಾರು ಬಾಕಿ ಕಡತ ಎಷ್ಟು, ಅತಿ ಹಳೆಯ ಕಡತ ಯಾವ ವರ್ಷದ್ದು ಅಂತ ಕೇಳಿದೆ. ಅಂಕಿ ಕೊಡದೆ ದಾರಿ ಇಲ್ಲ. ಅಂಕಿ ಕೊಡಬೇಕು ಅಂದರೆ ತಾಲೂಕು ಕಚೇರಿಯಲ್ಲಿ ಯಾರಾದರೂ ಬೀರು ತೆಗೆದು ಕಡತ ಎಣಿಸಲೇಬೇಕು. ಎಷ್ಟೋ ಕಡತಗಳು ಎದ್ದು ಕೂತದ್ದು ಈ ಎಣಿಕೆಯಿಂದಲೇ. ಉತ್ತರ ಬರುವ ಮೊದಲೇ ಬೇರೆ ಕಡೆಯಿಂದ ಸರ್ವೆಯರ್‌ಗಳನ್ನು ನಿಯೋಜನೆ ಮೇಲೆ ಹಾಕಿದರು.

ಶಾಸಕನಿಗೆ ಇನ್ನೊಂದು ಕುರ್ಚಿ ಇದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಬಗರ್‌ಹುಕುಂ ಸಮಿತಿಯ ಅಧ್ಯಕ್ಷಗಿರಿ. ಸರ್ಕಾರಿ ಜಮೀನು ಉಳುತ್ತಾ ಬಂದವರಿಗೆ ಸಕ್ರಮ ಮಾಡಿಕೊಡುವ ಸಮಿತಿ ಇದು, ತಹಶೀಲ್ದಾರರು ಕಾರ್ಯದರ್ಶಿ. ಇದಕ್ಕೆ ಹಾಕುವ ಅರ್ಜಿ ಮೊದಲು ನಮೂನೆ 50, ಆಮೇಲೆ 53, 2018ರಲ್ಲಿ 57. ನನ್ನ ಕಣ್ಣಿಗೆ ವಿಧಾನಸೌಧದ ಭಾಷಣಕ್ಕಿಂತ ಇದು ದೊಡ್ಡ ಕೆಲಸ.

ಒಂದು ಸಭೆಯಲ್ಲಿ ಅಜ್ಜಿಯೊಬ್ಬರು ಬಂದರು. ಪ್ಲಾಸ್ಟಿಕ್ ಕವರ್ ಬಿಚ್ಚಿ ಹಳೇ ಟಿಟಿ ರಸೀದಿಗಳನ್ನು ಮೇಜಿನ ಮೇಲೆ ಹರಡಿದರು. ಸರ್ಕಾರಿ ಜಾಗ ಅನಧಿಕೃತವಾಗಿ ಉತ್ತಿದ್ದಕ್ಕೆ ಹಾಕಿದ ದಂಡದ ರಸೀದಿ ಅವು. ತಮಾಷೆ ನೋಡಿ, ಅಂದು ತಪ್ಪು ಅಂತ ದಂಡ ಹಾಕಿದ ಚೀಟಿಯೇ ಇಂದು ಉತ್ತಿದ್ದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಪಹಣಿ ತೆಗೆಸಿ ನೋಡಿದೆ. ಕಾಲಂ 9ರಲ್ಲಿ, ಮಾಲೀಕರ ಕಡೆ, ‘ಸರ್ಕಾರಿ ಗೋಮಾಳ’, ಅಂದರೆ ದನ ಮೇಯಲು ಬಿಟ್ಟ ಜಾಗ. ಕಾಲಂ 12ರಲ್ಲಿ, ಸಾಗುವಳಿದಾರರ ಕಡೆ, ಅವರ ಗಂಡನ ಹೆಸರು ಕೆಲವು ವರ್ಷ ಇದೆ, ಕೆಲವು ವರ್ಷ ಇಲ್ಲ. ರಸೀದಿ ಇರುವ ವರ್ಷಕ್ಕೂ ಕಾಲಮ್ಮಿಗೂ ತಾಳೆ ನೋಡುತ್ತಾ ಹೋದೆ. ಹೊಂದಿತು.

ಗೋಮಾಳ ಸಾಲುವುದಿಲ್ಲ ಅಂತ ಅಧಿಕಾರಿಗಳು ಅಡ್ಡ ಹಾಕಿದರು. ನಿಯಮದ ಪ್ರಕಾರ 100 ಜಾನುವಾರಿಗೆ 30 ಎಕರೆ ಗೋಮಾಳ ಉಳಿಸಬೇಕು. ಅವರ ಪಟ್ಟಿಯಲ್ಲಿದ್ದ ಜಾನುವಾರು ಸಂಖ್ಯೆ ಕಂಡು ನಗು ಬಂತು. ಡೇರಿಯಲ್ಲಿ ಕೂತು ಎದ್ದವನಿಗೆ ಗೊತ್ತಿಲ್ವಾ? ಎತ್ತು ಹೋಗಿ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಗಿತ್ತು. ನಾಟಿ ಹಸುಗಳ ಮಂದೆ ಹೋಗಿ ಮನೆಗೊಂದೆರಡು ಸೀಮೆ ಹಸು ಉಳಿದಿದ್ದವು. ಹೊಸದಾಗಿ ಎಣಿಸಿ ತನ್ನಿ ಅಂದೆ. ಎಣಿಸಿ ತಂದಾಗ ಲೆಕ್ಕ ತಿರುಗಿತು, ಗೋಮಾಳ ಹೆಚ್ಚುವರಿ ಇತ್ತು. ಅಜ್ಜಿಗೆ ಮಂಜೂರಾಯಿತು. ‘ಏನ್ ಸ್ವಾಮಿ, ಈ ಸಲ ದಂಡ ಎಷ್ಟು ಕಟ್ಬೇಕು?’ ಅಂತ ಅವರು ಕೇಳಿದರು. ತಹಶೀಲ್ದಾರರೂ ನಕ್ಕುಬಿಟ್ಟರು.

ಇದರಲ್ಲಿ ಒಂದು ಮಾತು ಬಾಕಿ ಇದೆ. ಹೀಗೆ ಹೆಚ್ಚುವರಿ ಅಂತ ಕೊಡುತ್ತಾ ಹೋದರೆ ಊರಿಗೆ ಗೋಮಾಳವೇ ಉಳಿಯುವುದಿಲ್ಲ ಅನ್ನುವವರಿದ್ದಾರೆ. ಕುರಿ ಕಾಯುವವರು ನನ್ನ ಮುಖಕ್ಕೇ ಹೇಳಿದ್ದಾರೆ. ಅವರ ಮಾತಿನಲ್ಲೂ ನ್ಯಾಯವಿದೆ. ಆದರೂ ಉತ್ತು ಉಣ್ಣುತ್ತಿರುವವರನ್ನು ಎಬ್ಬಿಸಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಬೆಂಗಳೂರು ಕಡೆಯ ಹಳ್ಳಿಗಳ ಅರ್ಜಿಗಳಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ನಗರದ ಗಡಿಯಿಂದ 18 ಕಿಲೋಮೀಟರ್ ಒಳಗೆ ಸಕ್ರಮ ಇಲ್ಲ ಅಂತ ಕಾನೂನೇ ಇದೆ. ಅಲ್ಲಿ ಎಕರೆಗೆ ಕೋಟಿ ಬೆಲೆ, ನಿಜವಾದ ಉಳುಮೆಗಾರನ ಹಿಂದೆ ದಲ್ಲಾಳಿ ನಿಂತಿರುತ್ತಾನೆ. ಕಾನೂನು ಹಾಗಿರುವುದು ಸರಿ ಅಂತಲೇ ನನ್ನ ಅಭಿಪ್ರಾಯ, ಬಡವನೂ ಅದರಡಿ ಸಿಕ್ಕಿಕೊಳ್ಳುತ್ತಾನೆ ಅನ್ನುವುದು ಬೇರೆ ಮಾತು.

ಕಾಗದ ಏನು ಮಾಡಬಲ್ಲದು ಅಂತ ನೋಡಬೇಕಾದರೆ ದೇವರಾಜ ಅರಸು ಕಾಲಕ್ಕೆ ಹೋಗಬೇಕು. ಅವರೂ ಓದು ಮುಗಿಸಿ ಹುಣಸೂರಿನ ಕಲ್ಲಹಳ್ಳಿಗೆ ಹೋಗಿ ಬೇಸಾಯ ಮಾಡಿದವರೇ. ಭೂ ಸುಧಾರಣಾ ಕಾಯ್ದೆಯಡಿ 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಉಳುತ್ತಿದ್ದ ಹೊಲ ತನ್ನದಾಗಬೇಕು ಅಂದರೆ ಗೇಣಿದಾರ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು, ಅಷ್ಟೇ. ನಮ್ಮೂರಲ್ಲಿ ಧಣಿಗೆ ಹೆದರಿ ಅರ್ಜಿ ಹಾಕದೆ ಉಳಿದ ಮನೆಗಳೂ ಇವೆ, ಹಾಕಿ ಹೊಲ ಪಡೆದ ಮನೆಗಳೂ ಇವೆ. ಈಗಲೂ ಎರಡನ್ನೂ ನೋಡಿದರೆ ಒಂದು ಹಾಳೆಯ ವ್ಯತ್ಯಾಸ ಕಾಣುತ್ತದೆ. 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತಾಯಿತು. ನಮ್ಮ ಕಡೆ ಅದಕ್ಕೂ ಮುಂಚೆಯೇ ಏನೇನೋ ದಾರಿ ಮಾಡಿಕೊಂಡು ಕೊಳ್ಳುತ್ತಿದ್ದರು ಅನ್ನುವುದು ನಿಜ. ಈಗ ಅಷ್ಟು ಕಷ್ಟವೂ ಬೇಕಿಲ್ಲ.

ಮುಂದಿನ ಚುನಾವಣೆಯಲ್ಲಿ ಸೋತೆ. ಪೋಡಿ ಮಾಡಿಸಿದವನಿಗೆ ಜನ ಕೈ ಮುಗಿಯುತ್ತಾರೆ, ದೇವಸ್ಥಾನಕ್ಕೆ ಗೋಪುರ ಕಟ್ಟಿಸಿದವನಿಗೆ ವೋಟು ಹಾಕುತ್ತಾರೆ. ಬೇಜಾರು ಇಲ್ಲ. ಶಾಸಕರ ಭವನದ ರೂಮು ಖಾಲಿ ಮಾಡಿ ಬಂದೆ.

ನಮ್ಮೂರ ಹುಡುಗನೊಬ್ಬ ಈಗ ಡೇರಿ ಚುನಾವಣೆಗೆ ನಿಲ್ಲುತ್ತಿದ್ದಾನೆ. ‘ಅಣ್ಣಾ, ಇದಾದ್ಮೇಲೆ ಏನು?’ ಅಂತ ಕೇಳಿದ. ಗ್ರಾಮ ಪಂಚಾಯಿತಿ ಅಂದೆ. ಆಮೇಲೆ? ಅಲ್ಲಿಗೆ ನನ್ನ ಉತ್ತರ ನಿಂತಿತು. ತಾಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ರಲ್ಲಿ ಮುಗಿದ ಮೇಲೆ ಅಧಿಕಾರಿಗಳೇ ನಡೆಸಿಕೊಂಡು ಬಂದರು. ನಾನು ಹತ್ತಿದ ಮೆಟ್ಟಿಲಲ್ಲಿ ನಡುವಿನದ್ದೇ ಇಲ್ಲ. ಗ್ರಾಮ ಪಂಚಾಯಿತಿಯಿಂದ ನೇರ ಎಂಎಲ್‌ಎ ಟಿಕೆಟ್ಟಿಗೆ ಹಾರಬೇಕು ಅಂದರೆ ದುಡ್ಡಿರಬೇಕು, ಇಲ್ಲವೇ ಅಪ್ಪ ಎಂಎಲ್‌ಎ ಆಗಿರಬೇಕು. ಅವನಿಗೆ ಎರಡೂ ಇಲ್ಲ. ಸದ್ಯಕ್ಕೆ ಸಂಘದ ಬೈಲಾ, ಅಂದರೆ ನಿಯಮದ ಪುಸ್ತಕ, ಕೊಟ್ಟು ಕಳಿಸಿದ್ದೇನೆ. ಜೊತೆಗೆ ಅವರ ಮನೆ ಪಹಣಿ ತಂದು ತೋರಿಸು ಅಂದಿದ್ದೇನೆ. ಅವರಪ್ಪನಿಗೆ ಮಂಜೂರಾದ ಜಮೀನಿಗೂ ಇನ್ನೂ ಪೋಡಿ ಆಗಿಲ್ಲವಂತೆ.