ತಾಮ್ರದ ಕೂಲರ್ ತಳಕ್ಕೆ ಮುರುಗಲು ಸಿಪ್ಪೆ

ಕಾರವಾರ, ಅಂಕೋಲಾ ಕಡೆಯವರಿಗೆ: ಕಂಪ್ಯೂಟರಿನ ಪ್ರೊಸೆಸರ್ ತಂಪಾಗಿಡುವ ಕೂಲರಿನ ತಾಮ್ರದ ತಳ ಉಪ್ಪುಗಾಳಿಗೆ ಕಿಲುಬು ಹಿಡಿದಿದ್ದರೆ, ಹಳೆ ಪೇಸ್ಟ್ (ಶಾಖ ದಾಟಲು ತಳಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವಂಥದ್ದು) ಒರೆಸಿ, ನೆನೆಸಿದ ಮುರುಗಲು (ಕೋಕಂ) ಸಿಪ್ಪೆಯಿಂದ ಮೆಲ್ಲಗೆ ಉಜ್ಜಿ. ದೇವರ ತಂಬಿಗೆ ತಿಕ್ಕುತ್ತೇವಲ್ವಾ, ಹಾಗೇ. ಎರಡೇ ನಿಮಿಷಕ್ಕೆ ತಳ ಹೊಸ ತಾಮ್ರದ ಹಾಗೆ ಕೆಂಪಾಗುತ್ತದೆ. ಅದರ ಹುಳಿ ಕಿಲುಬನ್ನಷ್ಟೇ ಕರಗಿಸುತ್ತದೆ, ಗೀರು ಬೀಳುವುದಿಲ್ಲ. ತಾಮ್ರ ಅಲ್ಯೂಮಿನಿಯಂಗಿಂತ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ ಚೆನ್ನಾಗಿ ಶಾಖ ಸಾಗಿಸುತ್ತದೆ ನಿಜ, ಆದರೆ ತಳ ಪ್ರೊಸೆಸರಿಗೆ ಸರಿಯಾಗಿ ಕೂರದೆ ನಡುವೆ ಗಾಳಿ ಉಳಿದರೆ ಎಲ್ಲ ದಂಡ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಮಾತ್ರ ಬೇಡ, ಮತ್ತೆ ಕಿಲುಬು ಬರುತ್ತದೆ. ಆಮೇಲೆ ಒಳ್ಳೆ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ಹೊಸ ಪೇಸ್ಟ್ ಹಚ್ಚಿ. ನಿಕಲ್ ಲೇಪದ ಬಿಳಿ ತಳಕ್ಕೆ, ಅಲ್ಯೂಮಿನಿಯಂ ರೆಕ್ಕೆಗಳಿಗೆ ಹುಳಿ ತಾಗಿಸಬೇಡಿ. ತಳದಲ್ಲಿ ಗುಳಿ ಬಿದ್ದಿದ್ದರೆ ಇದರಿಂದ ಆಗದು. ದಪ್ಪ ಗಾಜಿನ ಮೇಲೆ 1000 ನಂಬರಿನ ಎಮರಿ ಪೇಪರ್ ಹಾಸಿ ಉಜ್ಜಲೇಬೇಕು.