ಅಡಿಕೆ ಅಂಗಳದಿಂದ ಆರ್ದ್ರೆಯ ಧೂಳಿನ ಲೆಕ್ಕ

ಮುದಿ ದೈತ್ಯ ನಕ್ಷತ್ರ ಉಗುಳುವ ಧೂಳು ಬರಿಗಣ್ಣಿಗೆ ಕಾಣದು; ಅದು ಬೆಳಕಿಗೆ ಅಡ್ಡ ಬಂದಾಗಷ್ಟೇ ಸುಳಿವು ಸಿಗುತ್ತದೆ. ಸಾಮಾನ್ಯವಾಗಿ 0.5 ಕಾಂತಿಮಾನದ (ಹೊಳಪಿನ ಅಳತೆ) ಆಸುಪಾಸಿನಲ್ಲಿರುವ ಆರ್ದ್ರೆ, ಅಂದರೆ ಬೀಟಲ್‌ಜ್ಯೂಸ್ ಎಂಬ ಕೆಂಪು ನಕ್ಷತ್ರ, 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿದಿತ್ತು. (ಅಂಕಿ ಏರಿದಷ್ಟೂ ನಕ್ಷತ್ರ ಮಂದ.)

ಇಂಥ ಏರಿಳಿತವನ್ನು ಬರಿಗಣ್ಣಿನಲ್ಲೇ ಅಳೆಯಬಹುದು; ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಈ ಕೆಲಸದ ಆಸೆ ಬಿಡಿ. ಫೆಬ್ರವರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಆರ್ದ್ರೆ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ತೋಟದೊಳಗೆ ಆಕಾಶ ಎಲ್ಲಿ ಕಂಡೀತು? ಅಡಿಕೆ ಒಣಗಿಸುವ ಅಂಗಳವೇ ವಾಸಿ. ಆದರೆ ಬೇಯಿಸುವ ಒಲೆ ಉರಿಯುತ್ತಿದ್ದರೆ ಗಾಳಿ ಬರುವ ಕಡೆ ನಿಲ್ಲಿ. ಹೊಗೆಯೂ ಧೂಳಿನಂತೆಯೇ ಬೆಳಕನ್ನು ಮಂದವಾಗಿಸಿ ಕೆಂಪಾಗಿಸುತ್ತದೆ.

ಕತ್ತಲಲ್ಲಿ 20 ನಿಮಿಷ ಕಣ್ಣು ಪಳಗಲಿ. ಹೋಲಿಕೆಗೆ ಎರಡು ನಕ್ಷತ್ರಗಳು: ಪ್ರೋಸಿಯಾನ್ 0.4, ರೋಹಿಣಿ 0.9. ನಡುವಿನ ಅಂತರವನ್ನು ಐದು ಭಾಗ ಮಾಡಿ. ಆರ್ದ್ರೆ ಪ್ರೋಸಿಯಾನ್‌ಗಿಂತ ಎರಡು ಭಾಗ ಮಂದವಾಗಿ ಕಂಡರೆ 0.6 ಎಂದು ಬರೆಯಿರಿ. ತೀರಾ ಮಂದವಾಗಿದ್ದರೆ 1.6ರ ಬೆಲ್ಲಾಟ್ರಿಕ್ಸ್ ನಕ್ಷತ್ರದ ಜೊತೆ ಹೋಲಿಸಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಹೊಳೆದಂತೆ ಅನಿಸುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಒಂದು ಕ್ಷಣ ನೋಡಿ ಕಣ್ಣು ತಿರುಗಿಸಿ. ವಾರಕ್ಕೊಮ್ಮೆ ಸಾಕು.

ಮಂದವಾಯಿತೆಂದ ಮಾತ್ರಕ್ಕೆ ಧೂಳೇ ಎನ್ನಬೇಡಿ; ಆರ್ದ್ರೆ ಸುಮಾರು 400 ದಿನಗಳಿಗೊಮ್ಮೆ ತಾನೇ ಉಬ್ಬಿ ಕುಗ್ಗುತ್ತದೆ. ಧೂಳಿಗೆ ಸಾಕ್ಷಿ ಅವಕೆಂಪಿನಲ್ಲಿದೆ (ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು). ಬಿಸಿಯಾದ ಧೂಳು ಅಲ್ಲಿ ಬೆಳಗುತ್ತದೆ. ಅವಕೆಂಪಿನಲ್ಲೇ ಆಕಾಶ ನೋಡಿದ 1983ರ ಐರಾಸ್ ಉಪಗ್ರಹದ ದತ್ತಾಂಶ ಅಂತರ್ಜಾಲದಲ್ಲಿ ಉಚಿತ. ಬೆಳಕನ್ನು ತರಂಗಾಂತರವಾಗಿ ಬಿಡಿಸಿದ ರೋಹಿತದಲ್ಲಿ 9.7 ಮೈಕ್ರಾನ್ ಬಳಿ ಉಬ್ಬಿದ್ದರೆ ಅದು ಸಿಲಿಕೇಟ್ (ಕಲ್ಲಿನಂಥ) ಧೂಳು, 11.3ರ ಬಳಿ ಇದ್ದರೆ ಇಂಗಾಲ ಹೆಚ್ಚಿರುವ ನಕ್ಷತ್ರದ ಸಿಲಿಕಾನ್ ಕಾರ್ಬೈಡ್ ಧೂಳು.